ನಹುವಾಟ್ಲ್ (ಅಜ್ಟೆಕರ ಭಾಷೆ) ಹಸ್ತಪ್ರತಿಗಳಲ್ಲಿ ಹೆಸರಿನ ಚಿತ್ರಗಳನ್ನು ಓದುವುದು ಹೇಗೆ?

ಪ್ರಶ್ನೆ:
ಮೆಕ್ಸಿಕೊದ ವೆಶೋಟ್ಸಿಂಕೊ ಪ್ರಾಂತ್ಯದಲ್ಲಿ 1560ರಲ್ಲಿ ಸಿದ್ಧವಾದ ಜನಗಣತಿಯ ಪುಟಗಳನ್ನು ನೋಡುತ್ತಿದ್ದೇನೆ. ಸಾಲುಸಾಲಾಗಿ ಬರೆದ ತಲೆಗಳ ಪಕ್ಕದಲ್ಲಿ ಒಂದೊಂದು ಚಿಕ್ಕ ಚಿತ್ರವಿದೆ, ಜೊತೆಗೆ ರೋಮನ್ ಅಕ್ಷರಗಳಲ್ಲಿ ಹೆಸರೂ ಇದೆ. ಚಿತ್ರವು ಹೆಸರಿನ ಅರ್ಥವನ್ನು ತೋರಿಸುತ್ತದೆಯೋ, ಉಚ್ಚಾರಣೆಯನ್ನೋ? ಅಕ್ಷರದಲ್ಲಿ ಬರೆದ ಮೇಲೂ ಚಿತ್ರವೇಕೆ ಬೇಕಾಯಿತು?

ಉತ್ತರ 1:
ಎರಡನ್ನೂ ತೋರಿಸಬಲ್ಲದು. ಇಟ್ಸ್‌ಕೋವಾಟ್ಲ್ ಎಂಬ ಹೆಸರನ್ನೇ ತೆಗೆದುಕೊಳ್ಳಿ. 1540ರ ದಶಕದ ಚಿತ್ರ ಹಸ್ತಪ್ರತಿಯಾದ ಮೆಂಡೋಸಾ ಕೋಡೆಕ್ಸ್‌ನಲ್ಲಿ ಆ ಹೆಸರಿನ ದೊರೆಯ ಪಕ್ಕ, ಮೈಮೇಲೆ ಜ್ವಾಲಾಮುಖಿ ಗಾಜಿನ ಅಲಗುಗಳಿರುವ ಹಾವನ್ನು ಬರೆದಿದ್ದಾರೆ. ‘ಇಟ್ಸ್‌ಟ್ಲಿ’ ಎಂದರೆ ಆ ಗಾಜು, ‘ಕೋವಾಟ್ಲ್’ ಎಂದರೆ ಹಾವು, ಆದ್ದರಿಂದ ಅದು ಅರ್ಥದ ಚಿತ್ರ. ಆದರೆ ತೆಪೆಟ್ಲಾಓಸ್ತೋಕ್ ಊರಿನ ವೆರ್ಗಾರಾ ಕೋಡೆಕ್ಸ್‌ನಲ್ಲಿ ಅದೇ ಹೆಸರಿಗೆ ಗಾಜಿನ ಅಲಗಿನ ಜೊತೆ ಮಡಕೆಯನ್ನೂ ನೀರನ್ನೂ ಬರೆಯಲಾಗಿದೆ. ಮಡಕೆಗೆ ‘ಕೋಮಿಟ್ಲ್’, ನೀರಿಗೆ ‘ಆಟ್ಲ್’ ಎನ್ನುವುದರಿಂದ ಅವು ‘ಕೋ’ ಮತ್ತು ‘ಆ’ ಎಂಬ ಧ್ವನಿಗಳನ್ನಷ್ಟೇ ಕೊಡುತ್ತವೆ. ಹಾವು ಪುಟದಲ್ಲಿ ಎಲ್ಲಿಯೂ ಇಲ್ಲ. ಚಿತ್ರದ ವಸ್ತುಗಳನ್ನು ಕೂಡಿಸಿ ಹೆಸರಿನ ಅರ್ಥ ಹೇಳಹೊರಟವರು ಇಲ್ಲಿ ದಾರಿ ತಪ್ಪುವುದು ಖಂಡಿತ.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸಬೇಕು: ಚಿತ್ರವು ಹೆಸರನ್ನು ಪೂರ್ತಿಯಾಗಿ ಬರೆಯಲೇಬೇಕೆಂಬ ನಿಯಮವಿರಲಿಲ್ಲ. ಅಜ್ಟೆಕ್ ದೊರೆ ಮೊಕ್ತೆಸುಮಾಗೆ (ನಹುವಾಟ್ಲ್‌ನಲ್ಲಿ ಮೊತೆಕುಸೋಮಾ) ಮುಂಭಾಗ ಚೂಪಾದ ಕಿರೀಟವನ್ನು ಬರೆಯುತ್ತಿದ್ದರು. ಅದು ಆ ಹೆಸರಿನ ‘ತೆಕುಟ್ಲಿ’, ಅಂದರೆ ಒಡೆಯ, ಎಂಬ ಭಾಗವನ್ನು ಮಾತ್ರ ಸೂಚಿಸುತ್ತದೆ, ಉಳಿದುದನ್ನು ಓದುಗನೇ ತುಂಬಿಕೊಳ್ಳಬೇಕಿತ್ತು.

ಇನ್ನು ಚಿತ್ರವೇಕೆ ಎಂಬುದಕ್ಕೆ ಬರೋಣ. ದೀಕ್ಷಾಸ್ನಾನದಲ್ಲಿ ಕೊಟ್ಟ ಕ್ರೈಸ್ತ ಹೆಸರುಗಳು ಕೆಲವೇ ಇದ್ದುದರಿಂದ ಒಂದೇ ಊರಿನಲ್ಲಿ ಎಷ್ಟೋ ಹ್ವಾನ್‌ಗಳೂ ಪೆದ್ರೊಗಳೂ ಇರುತ್ತಿದ್ದರು. ಕಪ್ಪದ ಲೆಕ್ಕದಲ್ಲಿ ಯಾರು ಯಾರೆಂದು ಬೇರ್ಪಡಿಸುತ್ತಿದ್ದುದು ಅದರ ಹಿಂದೆಯೇ ಬರುವ ನಹುವಾಟ್ಲ್ ಹೆಸರು, ಮತ್ತು ಸಾಮಾನ್ಯವಾಗಿ ಚಿತ್ರ ಬರೆದಿರುವುದೂ ಅದಕ್ಕೇ. ಚಿತ್ರವನ್ನು ಅಕ್ಷರದ ಅಲಂಕಾರವೆಂದು ತಿಳಿಯುವುದು ನನ್ನ ದೃಷ್ಟಿಯಲ್ಲಿ ತಲೆಕೆಳಗಾದ ಕ್ರಮ. ‘ಟ್ಲಾಕುಯ್ಲೊ’ ಎಂದು ಕರೆಯಲಾಗುತ್ತಿದ್ದ ಚಿತ್ರಲಿಪಿಕಾರನಿಗೆ ಅದೇ ಬರಹವಾಗಿತ್ತು.

ಪ್ರಶ್ನೆ ಕೇಳಿದವರು:
ಹಾಗಾದರೆ ರೋಮನ್ ಅಕ್ಷರದ ಹೆಸರನ್ನು ಮೊದಲು ಓದಿ, ಚಿತ್ರದ ಪ್ರತಿಯೊಂದು ಅಂಗ ಅದರ ಯಾವ ಭಾಗಕ್ಕೆ ಹೊಂದುತ್ತದೆ ಎಂದು ನೋಡುತ್ತೇನೆ.

ಉತ್ತರ 1:
ಹಾಗೆಯೇ ಮಾಡಿ, ಆದರೆ ಹೊಂದದ ಅಂಗಗಳನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ. ಧ್ವನಿಗಾಗಿ ಬಂದ ಚಿತ್ರಗಳು ಹೆಚ್ಚಾಗಿ ಸಿಗುವುದು ಅವುಗಳಲ್ಲಿಯೇ.