ರೆನೆ ಕಿಲಿವಿಕ್: ಕಲ್ಲು ಕೆತ್ತುವವರಿಗೆ ತಟ್ಟೆ, ಹೂಜಿಗಳ ಸಹವಾಸ ಯಾಕೆ?

ಪ್ರಶ್ನೆ:
ಫ್ರಾನ್ಸಿನ ಬ್ರಿಟನಿಯ ಶಿಲ್ಪಿ ರೆನೆ ಕಿಲಿವಿಕ್ (1879–1969) ಬಗ್ಗೆ ಓದುತ್ತಿದ್ದೇನೆ. ಮೊದಲು ಬಡಗಿ ಕೆಲಸ ಕಲಿತವರು, ಆಮೇಲೆ ಪ್ಯಾರಿಸ್‌ನಲ್ಲಿ ಶಿಲ್ಪಕಲೆ ಓದಿದರು. ಯುದ್ಧ ಸ್ಮಾರಕಗಳಿಂದಲೇ ಹೆಸರಾದವರು ಕ್ಯಾಂಪೇರ್ ಊರಿನ ಎಚ್‌ಬಿ ಅನ್ನೋ ಮಣ್ಣಿನ ಪಾತ್ರೆ ಕಾರ್ಖಾನೆಗೆ ಅಲಂಕಾರದ ಮಣ್ಣಿನ ಸಾಮಾನು ಯಾಕೆ ಮಾಡಿದರು? ಸುಮ್ನೆ ಸಂಪಾದನೆಗಾ?

ಉತ್ತರ 1:
ಸಂಪಾದನೆ ಅಂತ ಮಾತ್ರ ನೋಡಬೇಡಿ. ತನ್ನ ಊರಿನ ಜನರೇ ಅವರ ವಸ್ತು, ಎರಡೂ ಕಡೆ. ಪ್ಲೋಜೆವೆ ಊರಿನ ಸ್ಮಾರಕ ನೋಡಿ: ಎದ್ದು ನಿಂತ ದೊಡ್ಡ ಕಲ್ಲು, ಅದರ ಪಕ್ಕ ಯುದ್ಧದಲ್ಲಿ ಮೂವರು ಮಕ್ಕಳನ್ನು ಕಳೆದುಕೊಂಡ ಅದೇ ಊರಿನ ಮುದುಕ ರೈತ. ಗೆಲುವಿನ ಗತ್ತು ಎಲ್ಲೂ ಇಲ್ಲ. ನನಗೆ ಅವರ ಕೆಲಸಗಳಲ್ಲಿ ಅದೇ ಜಾಸ್ತಿ ಇಷ್ಟ. ತಟ್ಟೆ, ಹೂಜಿಗಳಲ್ಲೂ ಬ್ರಿಟನಿಯ ಬಿಗುಡೆನ್ ಸೀಮೆಯವರ ಅಂಗಿಯ ಕಸೂತಿಯನ್ನೇ ತಂದರು.

ಉತ್ತರ 2:
ಇಂಥ ಪಾತ್ರೆ ಮಾಡೋ ಕೆಲಸದ ವಿಷಯ ಸ್ವಲ್ಪ ಹೇಳುತ್ತೇನೆ. ಒಮ್ಮೆ ಸುಟ್ಟ ಮಣ್ಣಿನ ಪಾತ್ರೆಯನ್ನು ತವರದ ಆಕ್ಸೈಡ್ ಬೆರೆಸಿದ ಬಿಳಿ ಗ್ಲೇಜ್‌ನಲ್ಲಿ (ಸುಟ್ಟಮೇಲೆ ಗಾಜಿನಂತಾಗುವ ಲೇಪ) ಅದ್ದುತ್ತಾರೆ, ಅದು ಒಣಗಿ ಪುಡಿಪುಡಿ ಆದಮೇಲೆ ಕುಂಚದಲ್ಲಿ ಬಣ್ಣ ಹಾಕಿ ಮತ್ತೆ ಸುಡುತ್ತಾರೆ. ಆ ಪುಡಿ ಬಣ್ಣವನ್ನು ತಕ್ಷಣ ಹೀರಿಕೊಳ್ಳುತ್ತದೆ, ಎಳೆದ ಗೆರೆ ಎಳೆದಂಗೇ, ಅಳಿಸಿ ತಿದ್ದೋಕಾಗಲ್ಲ. ಕಸೂತಿಯಂಥ ಸಣ್ಣ ಲೆಕ್ಕಾಚಾರದ ವಿನ್ಯಾಸವನ್ನು ಹೀಗೆ ಬಿಡಿಸೋದು ಸುಲಭ ಅಲ್ಲ, ಅಲ್ವಾ?

ಉತ್ತರ 3:
ಅದೇ ಕಾರ್ಖಾನೆ 1922ರಲ್ಲಿ ಒಡೆಟ್ಟಾ ಹೆಸರಿನಲ್ಲಿ ಸ್ಟೋನ್‌ವೇರ್ (ಹೆಚ್ಚು ಬಿಸಿಯಲ್ಲಿ ಸುಟ್ಟ ಗಟ್ಟಿ ಮಣ್ಣಿನ ಸಾಮಾನು) ಶುರು ಮಾಡಿತು. ಅದನ್ನೂ ಹುಡುಕಿ ನೋಡಿ, ಬಣ್ಣಗಳು ಗಾಢ. ಕ್ಯಾಂಪೇರ್‌ಗೆ ಹೋದರೆ ಕ್ಯಾಥೆಡ್ರಲ್ ಪಕ್ಕದ ಬ್ರೆಟನ್ ಮ್ಯೂಸಿಯಂ ತಪ್ಪಿಸಬೇಡಿ.