ಅಪ್‌ಡೇಟ್: ಸಾಗರ ಪಟ್ಟಣದ ಅಂಗಳಕ್ಕೆ ಬಿಡಿ ತುಂಡುಗಳ ಚಪ್ಪರ

ಚಪ್ಪರದ ರಟ್ಟಿನ 1:10 ಮಾದರಿ (ಹತ್ತನೇ ಒಂದು ಅಳತೆಯದು) ಗಟ್ಟಿಯಾಗಿ ನಿಂತಿದೆ, ಪ್ಲೈವುಡ್‌ನಲ್ಲಿ ಪೂರ್ತಿ ಅಳತೆಗೆ ಕಟ್ಟಿದರೂ ನಿಲ್ಲುತ್ತಾ ಅಂತ ಕೇಳಿದ್ದೆ ಅಲ್ವಾ? ನಿಲ್ಲದೇ ಇರಬಹುದು ಅಂತ ನೀವು ಎಚ್ಚರಿಸಿದ್ದೇ ಸರಿ. ಅಳತೆ 10 ಪಟ್ಟಾದರೆ ತೂಕ 1000 ಪಟ್ಟು, ಅದನ್ನು ಹೊರುವ ಹಲಗೆಯ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ 100 ಪಟ್ಟು. ಅದಕ್ಕೇ 1:2ರಲ್ಲಿ ಒಂದು ಮೂಲೆಯನ್ನಷ್ಟೇ ಕಟ್ಟಿ ಮರಳಿನ ಚೀಲ ನೇತುಹಾಕಿದೆ. ಹಲಗೆಗಳು ಜಗ್ಗಲಿಲ್ಲ, ನಾಲ್ಕು ಹಲಗೆ ಕೂಡುವ ಕಡೆ ಜೋಡಣೆ ಅಲುಗಾಡಿತು. ಸೀ ಅರ್ಚಿನ್ ಅನ್ನುವ ಮುಳ್ಳುಮೈಯ ಕಡಲಜೀವಿಯ ಚಿಪ್ಪು ನೋಡಿ 2011ರಲ್ಲಿ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದವರು ಬರೀ 6.5 ಮಿ.ಮೀ. ಪ್ಲೈವುಡ್‌ನಲ್ಲಿ ಮಂಟಪ ಕಟ್ಟಿದ್ದರು, ಅದರಲ್ಲಿ ಒಂದು ಬಿಂದುವಿನಲ್ಲಿ ಮೂರೇ ಹಲಗೆ ಸೇರುತ್ತವೆ. ನಾನೂ ಮೂರಕ್ಕೇ ಇಳಿಸಿದೆ, ಈಗ ಗಟ್ಟಿ. ಮಳೆಗಾಲ ಬಂದರೆ ಬಿಚ್ಚಿ ಅಟ್ಟಕ್ಕೆ ಹಾಕುವುದೇ, ನಮ್ಮ ಜಡಿಮಳೆಗೆ ಪ್ಲೈವುಡ್ ಊದಿಕೊಳ್ಳದೆ ಇರುತ್ತಾ!