ದಾವಣಗೆರೆ ಬೇಸಿಗೆಯಲ್ಲಿ ಗೋಸುಂಬೆಗೆ ಎಷ್ಟು ವ್ಯಾಟ್ ಬಲ್ಬ್ ಹಾಕಬೇಕು?

ಪ್ರಶ್ನೆ: ವಿದ್ಯಾನಗರ_ಮೇಲ್ಮನೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ವಿದ್ಯಾನಗರದಿಂದ ಬರೆಯುತ್ತಿದ್ದೇನೆ. ನನ್ನ ಹತ್ತಿರ ವೇಲ್ಡ್ ಜಾತಿಯ ಗಂಡು ಗೋಸುಂಬೆ ಇದೆ, ವಯಸ್ಸು ಆರು ತಿಂಗಳ ಆಸುಪಾಸು. ಬೆಂಗಳೂರಿಗೆ ಕೆಲಸಕ್ಕೆ ಹೋದ ಗೆಳೆಯ ಪಂಜರ ಸಮೇತ ಕೊಟ್ಟು ಹೋದ. ಪಂಜರ ನಾಲ್ಕಡಿ ಎತ್ತರ, ಎರಡಡಿ ಅಗಲ, ಸುತ್ತಲೂ ಜಾಲರಿ. ಮೇಲೆ 100 ವ್ಯಾಟ್‌ನ ಹಳೇ ಕಾಲದ ಬಲ್ಬ್, ಪಕ್ಕದಲ್ಲಿ ಸುರುಳಿ ಆಕಾರದ ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ಬಲ್ಬ್. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರ ತನಕ ಎರಡೂ ಉರಿಯುತ್ತವೆ.

ನಮ್ಮದು ಮೇಲಿನ ಮಹಡಿ. ಆರ್‌ಸಿಸಿ ಕಾದು ಮಧ್ಯಾಹ್ನ ರೂಮಿನಲ್ಲಿ ಕೂರಲು ಆಗುವುದಿಲ್ಲ. ಇತ್ತೀಚೆಗೆ ಇದು ಮಧ್ಯಾಹ್ನ ಬಿಳಿಚಿಕೊಂಡು, ಬಾಯಿ ತೆರೆದುಕೊಂಡು, ಕೆಳಗಿನ ಕುಂಡದ ಹತ್ತಿರ ಹೋಗಿ ಕೂರುತ್ತದೆ. ಜಾಲರಿಗೆ ಅಂಟಿಸಿದ ಮುಳ್ಳಿನ ಥರ್ಮಾಮೀಟರ್ 31 ತೋರಿಸುತ್ತದೆ. ಅಷ್ಟಿದ್ದರೆ ಸರಿ ಅಲ್ವಾ? ರಾತ್ರಿಗೆ ಕೆಂಪು ಬಲ್ಬ್ ಬೇಕು ಅಂತ ಅಂಗಡಿಯವರು ಹೇಳಿದರು. ನಮ್ಮಮ್ಮ ಮಾತ್ರ "ಪಾಪ, ಅದಕ್ಕೆ ಸೆಕೆ ಆಗ್ತಿದೆ ಕಣೋ, ಆರಿಸು" ಅನ್ನುತ್ತಾರೆ.

ಉತ್ತರ: ದುರ್ಗದ_ದಾಸವಾಳ

ಅಮ್ಮ ಹೇಳಿದ್ದೇ ಸರಿ. ಇದನ್ನು ಓದಿದ ಕೂಡಲೇ ಆ 100 ವ್ಯಾಟ್ ಬಲ್ಬ್ ಆರಿಸಿ, ಉಳಿದದ್ದು ಆಮೇಲೆ ಓದಿ. ಬಿಳಿಚಿಕೊಳ್ಳುವುದು, ಬಾಯಿ ತೆರೆಯುವುದು, ನೆಲಕ್ಕೆ ಇಳಿಯುವುದು, ಈ ಮೂರೂ ಒಟ್ಟಿಗೆ ಕಂಡರೆ ಸೆಕೆ ತಡೆಯಲು ಆಗುತ್ತಿಲ್ಲ ಅಂತಲೇ ಅರ್ಥ. ಚಳಿ ಆದಾಗ ಇವು ಮೈ ಕಪ್ಪಗೆ ಮಾಡಿಕೊಂಡು ಬಿಸಿ ಹೀರುತ್ತವೆ. ನಿಮ್ಮದು ಅದರ ಉಲ್ಟಾ ಮಾಡುತ್ತಿದೆ.

ಥರ್ಮಾಮೀಟರ್ ಸುಳ್ಳು ಹೇಳುತ್ತಿಲ್ಲ, ಅದು ಇರುವ ಜಾಗ ತಪ್ಪು. ಜಾಲರಿ ಮೇಲಿನ ಬಿಸಿ ಕಟ್ಟಿಕೊಂಡು ನಮಗೇನು? ಗೋಸುಂಬೆ ಕೂರುವ ಕೊಂಬೆಯ ಮೇಲೆ, ಅದರ ಬೆನ್ನು ಬರುವ ಎತ್ತರದಲ್ಲಿ ಅಳೆಯಬೇಕು. ಅಕ್ವೇರಿಯಂ ಅಂಗಡಿಯಲ್ಲಿ ವೈರಿನ ತುದಿಗೆ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ. ಆ ತುದಿಯನ್ನು ಅಲ್ಲಿ ಕಟ್ಟಿ, ಅರ್ಧ ಗಂಟೆ ಬಿಟ್ಟು ನೋಡಿ. ಈ ವಯಸ್ಸಿಗೆ 28-29 ಡಿಗ್ರಿ ಸಾಕು. ಪೂರ್ತಿ ಬೆಳೆದ ಗಂಡಿಗೂ 30-32 ದಾಟಬಾರದು. ಹೆಣ್ಣಾದರೆ ಇನ್ನೂ ಕಡಿಮೆ, 27ರ ಹತ್ತಿರ. ಜಾಸ್ತಿ ಬಿಸಿ, ಜಾಸ್ತಿ ಊಟ ಸಿಕ್ಕರೆ ಹೆಣ್ಣು ಮಿತಿ ಮೀರಿ ಮೊಟ್ಟೆ ಕಟ್ಟಿ ಸೊರಗಿಹೋಗುತ್ತದೆ.

ಅದರ ತಲೆ ಮೇಲಿನ ಜುಟ್ಟನ್ನು ಹತ್ತಿರದಿಂದ ನೋಡಿ. ಬಲ್ಬಿನ ಕೆಳಗೆ ಕೂತಾಗ ಮೊದಲು ಸುಡುವುದು ಅದು. ತುದಿ ಮೊದಲು ಮಂಕಾಗುತ್ತದೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಹಕ್ಕಳೆ ಕಟ್ಟುತ್ತದೆ. ಜಾಲರಿಗೆ ತಲೆಕೆಳಗಾಗಿ ನೇತಾಡುವ ಅಭ್ಯಾಸ ಇದ್ದರಂತೂ ಕಾಲಿನ ಬೆರಳೂ ಸುಡುತ್ತವೆ. ಬಲ್ಬನ್ನು ಜಾಲರಿ ಮೇಲೆ ನೇರ ಇಡಬೇಡಿ, ಒಂದು ಗೇಣು ಮೇಲೆ ತೂಗುಹಾಕಿ.

ನಾನು ಎಲ್ಲರಿಗೂ ಹೇಳುವುದು ಇದನ್ನೇ: ಬಿಸಿ ಬೇರೆ, ಯುವಿಬಿ ಬೇರೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿ ಪುಕ್ಕಟೆ ಸಿಗುತ್ತದೆ. ರೂಮೇ 30 ಮುಟ್ಟಿದ ಮೇಲೆ ಬಿಸಿ ಬಲ್ಬ್ ಯಾಕೆ ಬೇಕು? ಈಗ ಬೆಳಿಗ್ಗೆ ತಂಪು ಇದ್ದರೆ 40 ವ್ಯಾಟ್‌ನದು ಒಂದು ಗಂಟೆ ಹಾಕಿ, ಇಲ್ಲದಿದ್ದರೆ ಅದೂ ಬೇಡ. ಡಿಸೆಂಬರ್‌ನಲ್ಲಿ ಅದೇ ಬಲ್ಬ್ ಬೆಳಿಗ್ಗೆ ಎರಡು ಮೂರು ಗಂಟೆ ಬೇಕಾಗುತ್ತದೆ. ಕ್ಯಾಲೆಂಡರ್ ನೋಡಿಕೊಂಡು ಬಲ್ಬ್ ಹಾಕುವುದು, ಆರಿಸುವುದು.

ಯುವಿಬಿ ಮಾತ್ರ ವರ್ಷಪೂರ್ತಿ ಬೇಕು. ಅದಿಲ್ಲದೆ ಮೈಯಲ್ಲಿ ವಿಟಮಿನ್ ಡಿ3 ಆಗುವುದಿಲ್ಲ, ತಿಂದ ಕ್ಯಾಲ್ಸಿಯಂ ಮೂಳೆಗೆ ಸೇರುವುದಿಲ್ಲ, ಕಾಲು ಬಿಲ್ಲಿನ ಹಾಗೆ ಬಾಗುತ್ತವೆ. ಸುರುಳಿ ಬಲ್ಬಿನ ಕಿರಣ ಒಂದೇ ಕಡೆ ಬೀಳುತ್ತದೆ, ಈ ಪಂಜರಕ್ಕೆ ಸಾಲದು. ಎರಡಡಿ ಉದ್ದದ, ತೆಳ್ಳಗಿನ ಆದರೆ ಹೆಚ್ಚು ಪ್ರಖರವಾದ ಟಿ5 ಎಚ್‌ಒ ಟ್ಯೂಬ್, ಯುವಿಬಿ ಪ್ರಮಾಣ 5.0 ಅಥವಾ 6 ಪರ್ಸೆಂಟ್ ಅಂತ ಬರೆದದ್ದು ತನ್ನಿ. ಅದನ್ನು ಜಾಲರಿ ಮೇಲೆಯೇ ಇಡಬಹುದು. ಟ್ಯೂಬಿಗೂ ಬೆನ್ನಿಗೂ ನಡುವೆ 20ರಿಂದ 25 ಸೆಂಟಿಮೀಟರ್ ಇದ್ದರೆ ಯುವಿ ಸೂಚ್ಯಂಕ (ಆ ಕಿರಣದ ತೀವ್ರತೆಯ ಅಳತೆ) 3ರ ಹತ್ತಿರ ಬರುತ್ತದೆ, ಅದು ಇದಕ್ಕೆ ಸರಿ. ವರ್ಷಕ್ಕೊಮ್ಮೆ ಟ್ಯೂಬ್ ಬದಲಾಯಿಸಿ. ಬೆಳಕು ಚೆನ್ನಾಗೇ ಕಾಣುತ್ತಿರುತ್ತದೆ, ಒಳಗಿನ ಯುವಿಬಿ ಮಾತ್ರ ಇಳಿದಿರುತ್ತದೆ. ಕಿಟಕಿ ಗಾಜಿನ ಹಿಂದೆ ಬಿಸಿಲಿಗೆ ಇಟ್ಟು ಸುಮ್ನಾಗಬೇಡಿ, ಗಾಜು ಯುವಿಬಿಯನ್ನು ತಡೆಯುತ್ತದೆ.

ಕೆಂಪು ಬಲ್ಬ್ ಬೇಡವೇ ಬೇಡ. ಇವುಗಳ ಮೂಲ ಯೆಮೆನ್ ಮತ್ತು ಸೌದಿಯ ನೈಋತ್ಯ ಭಾಗ, ಅಲ್ಲಿನ ಬೆಟ್ಟಗಳಲ್ಲಿ ರಾತ್ರಿ ತಂಪು. 18-20 ಡಿಗ್ರಿಗೆ ಇಳಿದರೂ ಹಾಯಾಗಿ ಮಲಗುತ್ತವೆ. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಪೂರ್ತಿ ಕತ್ತಲೆ ಕೊಡಿ. ಹದಿನಾರು ಗಂಟೆ ಬೆಳಕು ತುಂಬಾ ಜಾಸ್ತಿ ಆಯಿತು.

ಉತ್ತರ: ಕುಂದವಾಡ_ಕೆರೆ

ಅಣ್ಣ ಎಲ್ಲಾ ಹೇಳಿದ್ದಾರೆ. ಮೇಲ್ಮಹಡಿ ಸೆಕೆಗೆ ನಾನು ಮಾಡುವುದು: ಮಧ್ಯಾಹ್ನದ ಹೊತ್ತು ಪಂಜರವನ್ನು ಕೆಳಗಿನ ಮನೆಯ ನಡುಕೋಣೆಗೆ ಇಳಿಸುತ್ತೇನೆ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ಫ್ಯಾನ್ ಗೋಡೆ ಕಡೆ ತಿರುಗಿಸುತ್ತೇನೆ, ಗಾಳಿ ನೇರ ಮೈಗೆ ಬಡಿಯಬಾರದು. ಒಳಗೆ ದಾಸವಾಳ, ಮನಿಪ್ಲಾಂಟ್ ಕುಂಡ ದಟ್ಟವಾಗಿ ಇಡಿ, ನೆರಳು ಆಗುತ್ತದೆ. ನೀರನ್ನು ಎಲೆ ಮೇಲೆ ಹನಿ ಹನಿಯಾಗಿ ಬೀಳಿಸಿ. ಬಟ್ಟಲಲ್ಲಿ ಇಟ್ಟ ನೀರನ್ನು ಗುರುತು ಹಿಡಿಯುವುದೇ ಕಷ್ಟ ಇವಕ್ಕೆ.

ಉತ್ತರ: ಹೊಲದ_ಬದು

ನಮ್ಮ ಹೊಲದ ಬೇಲಿಯಲ್ಲೂ ಹಸಿರು ಗೋಸುಂಬೆ ಕಾಣುತ್ತದೆ. ಅದನ್ನೂ ಹೀಗೇ ಸಾಕಬಹುದಾ?

ಉತ್ತರ: ದುರ್ಗದ_ದಾಸವಾಳ

ದಯವಿಟ್ಟು ಮುಟ್ಟಬೇಡಿ. ಅದು ನಮ್ಮ ದೇಶದ್ದೇ ಗೋಸುಂಬೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಕ್ಷಣೆ ಇದೆ. ಹಿಡಿಯುವುದು, ಸಾಕುವುದು ಅಪರಾಧ. ರಸ್ತೆ ದಾಟುವಾಗ ಸಿಕ್ಕರೆ ಅದು ಹೊರಟಿದ್ದ ಕಡೆಯ ಗಿಡಕ್ಕೆ ಹತ್ತಿಸಿ ಬನ್ನಿ, ಅಷ್ಟು ಸಾಕು. ಅದು ನಿಮ್ಮ ಬೇಲಿಯಲ್ಲಿ ಇರುವುದೇ ಚೆಂದ.

ವಿದ್ಯಾನಗರದವರೇ, ನಿಮ್ಮ ವೇಲ್ಡ್ ವಿದೇಶಿ ಜಾತಿ. 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಗೆಳೆಯನ ಹೆಸರಲ್ಲಿ ಇದ್ದರೆ ನಿಮ್ಮ ಹೆಸರಿಗೆ ವರ್ಗಾವಣೆ ಮಾಡಿಸಿಕೊಳ್ಳಿ.

ಉತ್ತರ: ವಿದ್ಯಾನಗರ_ಮೇಲ್ಮನೆ

ತುಂಬಾ ಥ್ಯಾಂಕ್ಸ್ ಅಣ್ಣಾ. ಬಲ್ಬ್ ಆರಿಸುವ ಮುಂಚೆ ಕೊಂಬೆ ಮೇಲೆ ಅಳೆದೆ, 41 ಇತ್ತು! ಈಗ ಬಾಯಿ ಮುಚ್ಚಿಕೊಂಡು ಮನಿಪ್ಲಾಂಟ್ ನಡುವೆ ಕೂತಿದೆ, ಮೈ ಬಣ್ಣ ಹಸಿರಿಗೆ ತಿರುಗಿದೆ. ಜುಟ್ಟು ನೋಡಿದೆ, ಸುಟ್ಟ ಗುರುತಿಲ್ಲ. ಟ್ಯೂಬ್ ಆರ್ಡರ್ ಮಾಡಿದ್ದೇನೆ. ನೋಂದಣಿ ಬಗ್ಗೆ ಗೆಳೆಯನಿಗೆ ಫೋನ್ ಮಾಡುತ್ತೇನೆ. ಹನ್ನೆರಡು ಗಂಟೆ ಲೆಕ್ಕಕ್ಕೆ ಟೈಮರ್ ಪ್ಲಗ್ ಯಾವುದು ಒಳ್ಳೆಯದು?

ಉತ್ತರ: ದುರ್ಗದ_ದಾಸವಾಳ

41! ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಟೈಮರ್‌ನಲ್ಲಿ ಚಕ್ರ ತಿರುಗಿಸುವ ಮಾದರಿ ತರಬೇಡಿ. ಕರೆಂಟ್ ಹೋದಾಗ ಅದೂ ನಿಂತುಬಿಡುತ್ತದೆ. ಮೂರು ಗಂಟೆ ಕರೆಂಟ್ ಇಲ್ಲದಿದ್ದರೆ ರಾತ್ರಿ ಏಳಕ್ಕೆ ಆರಬೇಕಾದ ಟ್ಯೂಬ್ ಹತ್ತಕ್ಕೆ ಆರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಂದು ಬೆಳಿಗ್ಗೆ ಏಳರಿಂದ ಸಂಜೆ ಏಳಕ್ಕೆ ಇಡಿ.